ಒಂದು ಇಂಚಿನ ಸೆನ್ಸರೇ ನನಗೆ ಸಾಕು

ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ, ಬೆಳಕನ್ನು ಹಿಡಿದು ಚಿತ್ರವಾಗಿಸುವ ಮೂರು ಅಳತೆಯ ಸೆನ್ಸರ್‌ಗಳನ್ನು ನಾನು ಒಂದಾದ ಮೇಲೊಂದರಂತೆ ಬಳಸಿದ್ದೇನೆ: ಮೊದಲು 1/2.3 ಇಂಚಿನದು, ಆಮೇಲೆ ಎಪಿಎಸ್-ಸಿ (ಮೂರರಲ್ಲೂ ದೊಡ್ಡ ಅಳತೆಯದು), ಈಗ ಒಂದು ಇಂಚಿನದು. ಎರಡನೆಯದಕ್ಕೆ ಶಕ್ತಿ ಮೀರಿ ಖರ್ಚು ಮಾಡಿ, ಕೊನೆಗೆ ಅದನ್ನು ಮಾರಿ ಬಂದ ಹಣದಲ್ಲೇ ಮೂರನೆಯದನ್ನು ಸೆಕೆಂಡ್ ಹ್ಯಾಂಡ್ ಕೊಂಡವನಾದ್ದರಿಂದ, ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಇಂಚು ಎಂಬುದು ಹಳೆಯ ಟಿವಿ ಕ್ಯಾಮೆರಾಗಳ ನಳಿಕೆಯ ಹೊರವ್ಯಾಸದಿಂದ ಉಳಿದುಬಂದ ಹೆಸರು; ಸೆನ್ಸರಿನ ನಿಜವಾದ ಅಳತೆ 13.2 × 8.8 ಮಿ.ಮೀ. ಹಾಗಿದ್ದರೂ ಅದರ ವಿಸ್ತೀರ್ಣ 1/2.3 ಇಂಚಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಸಂಜೆಯ ಹೊತ್ತು ಕಿಟಕಿಯ ಬಳಿ ಮಲಗಿದ್ದ ಕಪ್ಪು ಬೆಕ್ಕನ್ನು ಐಎಸ್ಒ 1600ರಲ್ಲಿ, ಅಂದರೆ ಮಂದ ಬೆಳಕಿಗಾಗಿ ಸಂವೇದನೆ ಏರಿಸಿ ತೆಗೆದಾಗ, ಚಿಕ್ಕ ಸೆನ್ಸರಿನಲ್ಲಿ ಅದರ ಮೈಕೂದಲು ಒದ್ದೆ ಬಣ್ಣ ಕಲಸಿದಂತಾಗಿತ್ತು. ಒಂದು ಇಂಚಿನದರಲ್ಲಿ ಕಿವಿಯೊಳಗಿನ ಎಳೆಗಳೂ ಬೇರೆಬೇರೆಯಾಗಿ ಕಾಣುತ್ತವೆ. ಚಿಕ್ಕದರ ಪರವಾಗಿ ಹೇಳಬಹುದಾದದ್ದು ಉದ್ದನೆಯ ಜೂಮ್ ಒಂದೇ.

ಎಪಿಎಸ್-ಸಿಯ ಚಿತ್ರಗಳು ಮೂರರಲ್ಲೂ ಮೇಲು, ಅದರಲ್ಲಿ ಅನುಮಾನವಿಲ್ಲ. ನನ್ನನ್ನು ಸೋಲಿಸಿದ್ದು ಧೂಳು. ಕೊಂಡ ಕೆಲವೇ ತಿಂಗಳಲ್ಲಿ ಆಕಾಶವಿದ್ದ ಚಿತ್ರಗಳ ಎಡ ಮೂಲೆಯಲ್ಲಿ ಬೂದುಬಣ್ಣದ ದುಂಡನೆಯ ಮಚ್ಚೆಯೊಂದು ಕಾಣಿಸಿಕೊಂಡಿತು. ಲೆನ್ಸ್ ಒರೆಸಿದೆ, ಹೋಗಲಿಲ್ಲ. ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಅಗಲವಾಗಿರುವ ಎಫ್/2.8ರಲ್ಲಿ ಅದು ಮಾಯವಾಗುತ್ತಿತ್ತು, ಕಿಂಡಿ ಕಿರಿದಾದ ಎಫ್/11ಕ್ಕೆ ಹೋದರೆ ಅಂಚು ಸಮೇತ ಎದ್ದು ಕಾಣುತ್ತಿತ್ತು. ಅಪರ್ಚರ್ ಕಿರಿದಾದಷ್ಟೂ ಸೆನ್ಸರ್ ಮೇಲೆ ಕುಳಿತ ಕಣದ ನೆರಳು ಚೂಪಾಗುತ್ತದೆ ಎಂಬುದು ನನಗೆ ಆಗ ತಿಳಿಯಿತು.

ಲೆನ್ಸ್ ಕಳಚಬಹುದಾದ ಕ್ಯಾಮೆರಾ ಆಗಿದ್ದರೆ ಗಾಳಿಯ ಬಲ್ಬ್ ಒತ್ತಿ ಹಾರಿಸಬಹುದಿತ್ತು. ಇಲ್ಲಿ ಲೆನ್ಸ್ ಕೂಡಿಸಿಯೇ ಬಂದಿರುತ್ತದೆ, ಒಳಗೆ ಹೋಗಬೇಕಾದರೆ ಇಡೀ ಕ್ಯಾಮೆರಾ ಬಿಚ್ಚಬೇಕು. ಸರ್ವಿಸ್ ಸೆಂಟರಿಗೆ ಹಣ ಕೊಟ್ಟು ಸ್ವಚ್ಛ ಮಾಡಿಸಿದ ಮೇಲೂ ಮುಂದಿನ ಬೇಸಿಗೆಯ ಹೊತ್ತಿಗೆ ಎರಡು ಹೊಸ ಮಚ್ಚೆಗಳು ಬಂದವು. ಲೆನ್ಸ್ ಹೊರಗೆ ಚಾಚಿ ಒಳಗೆ ಸೇರುವಾಗಲೆಲ್ಲ ಗಾಳಿಯನ್ನೂ ಅದರೊಡನೆ ಧೂಳನ್ನೂ ಎಳೆದುಕೊಳ್ಳಬಲ್ಲದು, ಮತ್ತು ನನ್ನ ಕ್ಯಾಮೆರಾಗೆ ಸೆನ್ಸರನ್ನು ಅದುರಿಸಿ ಧೂಳು ಉದುರಿಸುವ ವ್ಯವಸ್ಥೆ ಇರಲಿಲ್ಲ. ಕೊಳ್ಳುವವರು ಮೆಗಾಪಿಕ್ಸೆಲ್ ಬಿಟ್ಟು ಮೊದಲು ಇದನ್ನೇ ವಿಚಾರಿಸಬೇಕೆಂದು ನನ್ನ ಕಳಕಳಿಯ ಸಲಹೆ.

ಮಂದ ಬೆಳಕಿನ ಲೆಕ್ಕದಲ್ಲಿ ನಾನು ಕಳೆದುಕೊಂಡದ್ದೂ ಅಲ್ಪವೇ. ಎಪಿಎಸ್-ಸಿ ಸೆನ್ಸರ್ ಸುಮಾರು ಮೂರು ಪಟ್ಟು ದೊಡ್ಡದಾದರೂ ಅದರ ಲೆನ್ಸ್ ಎಫ್/2.8, ಈಗಿನದು ವೈಡ್‌ನಲ್ಲಿ (ಜೂಮ್ ಮಾಡದಿರುವಾಗ) ಎಫ್/1.8 ಆದ್ದರಿಂದ ವ್ಯತ್ಯಾಸ ಮೂರನೇ ಒಂದು ಸ್ಟಾಪಿನಷ್ಟಕ್ಕೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವಷ್ಟು ಅಂತರ) ಇಳಿಯುತ್ತದೆ. ಜೂಮ್ ಮಾಡಿದಾಗ ಅಪರ್ಚರ್ ಕಿರಿದಾಗಿ ಈ ಅನುಕೂಲ ಉಳಿಯುವುದಿಲ್ಲ, ನಿಜ. ಆದರೆ ಮನೆಯೊಳಗೆ ನಾನು ಜೂಮ್ ಮಾಡುವುದೇ ಅಪರೂಪ.

ಗೋಡೆಯಗಲದ ಪ್ರಿಂಟ್ ಹಾಕಿಸುವವರು, ಕತ್ತಲೆಯ ಭಾಗಗಳನ್ನು ಎಡಿಟಿಂಗ್‌ನಲ್ಲಿ ಬಹಳ ಬೆಳಗಿಸುವವರು ಎಪಿಎಸ್-ಸಿಯನ್ನೇ ಕೊಳ್ಳಲಿ. ನಾನು ಎ4ಗಿಂತ ದೊಡ್ಡ ಪ್ರಿಂಟ್ ಹಾಕಿಸಿಲ್ಲ, ಕ್ಯಾಮೆರಾ ಅಂಗಿಯ ಜೇಬಿನಲ್ಲೇ ಇರಬೇಕು. ಒಂದು ಇಂಚಿನದಕ್ಕೂ ಧೂಳು ಸೇರಬಹುದಾದ್ದರಿಂದ ಈಗ ಅದನ್ನು ಜಿಪ್ ಇರುವ ಚೀಲದಲ್ಲಿ ಹಾಕಿಯೇ ಜೇಬಿಗಿಡುತ್ತೇನೆ. ತಿಂಗಳಿಗೊಮ್ಮೆ ಎಫ್/11ರಲ್ಲಿ ಬರೀ ಆಕಾಶವನ್ನು ತೆಗೆದು ಮೂಲೆಮೂಲೆ ಹಿಗ್ಗಿಸಿ ನೋಡುತ್ತೇನೆ. ಇದುವರೆಗೆ ಮಚ್ಚೆ ಕಂಡಿಲ್ಲ.