ಸಂಗೀತ ಸಿನಿಮಾಗಳ ಡಿಸ್ಕ್: 5.1 ಸರೌಂಡ್ ಕೇಳಬೇಕೋ, ಸ್ಟೀರಿಯೋ ಸಾಕೋ?

ಸಂಗೀತ ಕಾರ್ಯಕ್ರಮಗಳನ್ನೇ ಸಿನಿಮಾ ಮಾಡಿರುವ ಡಿಸ್ಕ್‌ಗಳನ್ನು ವರ್ಷಗಳಿಂದ ಕೊಂಡು ಕೇಳುತ್ತಿದ್ದೇನೆ. ಮೊದಲು ಡಿವಿಡಿ, ಆಮೇಲೆ ಬ್ಲೂ-ರೇ. ಹೆಚ್ಚುಕಮ್ಮಿ ಎಲ್ಲದರ ಆಡಿಯೋ ಮೆನುವಿನಲ್ಲೂ ಎರಡು ಆಯ್ಕೆ ಇರುತ್ತವೆ: ಎರಡು ಚಾನೆಲ್ಲಿನ ಸ್ಟೀರಿಯೋ, ಇಲ್ಲವೇ 5.1 ಸರೌಂಡ್, ಅಂದರೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೆ ಮಂದ್ರ ಸದ್ದಿಗೆ ಒಂದು ಸಬ್‌ವೂಫರ್. ಮನೆಯಲ್ಲಿ ಆರು ಸ್ಪೀಕರ್ ಇರುವವರು ಯೋಚನೆಯೇ ಮಾಡದೆ 5.1 ಒತ್ತುತ್ತಾರೆ. ಸಂಗೀತವನ್ನು ಗಂಭೀರವಾಗಿ ಕೇಳುವ ಕೆಲವರು ಸರೌಂಡ್ ಅಂದರೆ ಮೂಗು ಮುರಿಯುತ್ತಾರೆ. ನಾನು ಎರಡೂ ಕಡೆ ನಿಂತು ಕೇಳಿದ್ದೇನೆ. ನನಗೆ ಗೊತ್ತಾಗಿರುವುದು ಇಷ್ಟು: ಮಿಕ್ಸ್ ಮಾಡಿದವರು, ಅಂದರೆ ಮುದ್ರಿಸಿದ ಸದ್ದುಗಳನ್ನು ಬೆರೆಸಿ ಸ್ಪೀಕರ್‌ಗಳಿಗೆ ಹಂಚಿದವರು, ಹಿಂದಿನ ಸ್ಪೀಕರ್‌ಗಳಿಗೆ ಏನನ್ನು ಕಳಿಸಿದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸಭಾಂಗಣದ ಮಾರ್ದನಿ, ಚಪ್ಪಾಳೆಗಳನ್ನು ಕಳಿಸಿದ್ದರೆ ಸರೌಂಡ್‌ಗೆ ಸಾಟಿಯಿಲ್ಲ. ವಾದ್ಯಗಳನ್ನೇ ಎತ್ತಿ ಹಿಂದಕ್ಕೆ ಹಾಕಿದ್ದರೆ ಸ್ಟೀರಿಯೋನೇ ವಾಸಿ.

ನನ್ನ ಮನೆಯ ಸ್ಥಿತಿ ಹೇಳಿಬಿಡುತ್ತೇನೆ, ಏಕೆಂದರೆ ಈ ಅಭಿಪ್ರಾಯವೆಲ್ಲ ಆ ಕೋಣೆಯಲ್ಲೇ ಹುಟ್ಟಿದ್ದು. ಮೈಸೂರಿನ ಸಾಧಾರಣ ಮನೆಯ ಹಾಲ್. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಕಾಂಕ್ರೀಟ್ ತಾರಸಿ, ಒಂದು ಗೋಡೆಯ ತುಂಬ ಕಿಟಕಿ. ಕೈ ತಟ್ಟಿದರೆ ಕೋಣೆಯೇ ಮರುತ್ತರ ಕೊಡುತ್ತದೆ. ನಮ್ಮ ಕಡೆಯ ಬಹುಪಾಲು ಮನೆಗಳ ಹಣೆಬರಹ ಇದೇ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರವಾದ ಪರದೆ ಬಿಟ್ಟ ಮೇಲೆ ಕೇಳಿದ ವ್ಯತ್ಯಾಸ ಯಾವ ಹೊಸ ಯಂತ್ರವೂ ಕೊಟ್ಟಿಲ್ಲ. ಸ್ಪೀಕರ್ ಕೂರಿಸಲು ಬಂದ ಅಂಗಡಿಯವರು ಹಿಂದಿನ ಎರಡನ್ನೂ ತಾರಸಿಯ ಮೂಲೆಗೆ ಒತ್ತಿ ಮೊಳೆ ಹೊಡೆದು ಹೋಗಿದ್ದರು. ಅಲ್ಲಿಂದ ಚಪ್ಪಾಳೆ ಬಂದರೆ ಜನ ಅಟ್ಟದ ಮೇಲೆ ಕೂತಿದ್ದಾರೆ ಅನ್ನಿಸುತ್ತಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಮುಂದಿನ ಎರಡು ಸ್ಪೀಕರ್ ಕೇಳುಗನ ನೇರ ನೋಟದಿಂದ 30 ಡಿಗ್ರಿ ಆಚೀಚೆ ಇರಬೇಕು, ಸರೌಂಡ್ ಸ್ಪೀಕರ್‌ಗಳು ಸುಮಾರು 110 ಡಿಗ್ರಿಯಲ್ಲಿ. ಅಂದರೆ ಅವು ಬೆನ್ನ ಹಿಂದೆ ಅಲ್ಲ, ಕಿವಿಗಿಂತ ಸ್ವಲ್ಪ ಹಿಂದಕ್ಕೆ, ಪಕ್ಕದಲ್ಲಿ. ಹಾಗೆ ಸ್ಟ್ಯಾಂಡ್ ಮೇಲೆ ಇಳಿಸಿಕೊಂಡ ಮೇಲಷ್ಟೇ ನಾನು ಹೋಲಿಕೆಗೆ ಕೂತದ್ದು.

ಹೋಲಿಸುವ ಮುಂಚೆ ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಎರಡೂ ಟ್ರ್ಯಾಕ್‌ಗಳ ಸದ್ದಿನ ಮಟ್ಟ ಒಂದೇ ಇರಬೇಕು. ನಮ್ಮ ಕಿವಿಯ ಗುಣವೇ ಹಾಗೆ, ಒಂದು ಕೂದಲೆಳೆ ಜೋರಾಗಿರುವುದನ್ನೇ ಚೆನ್ನಾಗಿದೆ ಅನ್ನುತ್ತದೆ. ಡಾಲ್ಬಿ ಡಿಜಿಟಲ್ ಅನ್ನುವುದು ಸರೌಂಡ್ ಸದ್ದನ್ನು ಕುಗ್ಗಿಸಿ ಡಿಸ್ಕಿಗೆ ತುಂಬುವ ಒಂದು ಪದ್ಧತಿ. ಅದರ ಟ್ರ್ಯಾಕಿನ ಒಳಗೆ ಮಾತಿನ ಮಟ್ಟವನ್ನು ಸೂಚಿಸುವ ಒಂದು ಸಂಖ್ಯೆ ಇರುತ್ತದೆ. ರಿಸೀವರ್ (ಡಿಸ್ಕಿನ ಸದ್ದನ್ನು ಬಿಡಿಸಿ ಸ್ಪೀಕರ್‌ಗಳಿಗೆ ಕಳಿಸುವ ಯಂತ್ರ) ಅದನ್ನು ಓದಿ ತಾನಾಗಿಯೇ ಸದ್ದು ಇಳಿಸುತ್ತದೆ. ಎಷ್ಟೋ ಡಿಸ್ಕ್‌ಗಳಲ್ಲಿ ಇಳಿಕೆ 4 ಡೆಸಿಬೆಲ್. ಪಿಸಿಎಂ (ಕುಗ್ಗಿಸದ ಡಿಜಿಟಲ್ ಸದ್ದು) ಸ್ಟೀರಿಯೋಗೆ ಈ ಕಡಿವಾಣ ಇಲ್ಲ. ಹೀಗಾಗಿ ರಿಮೋಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿದಾಗ ಸ್ಟೀರಿಯೋ ದಿಢೀರನೆ ಎದ್ದು ಕೂತಂತೆ ಕೇಳುತ್ತದೆ. "ಆಹಾ, ಇದರಲ್ಲಿ ಜೀವ ಇದೆ" ಅಂದುಬಿಡುತ್ತೇವೆ. ಅದು ಜೀವವಲ್ಲ, ವಾಲ್ಯೂಮ್. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಇಟ್ಟುಕೊಂಡು ಒಂದೇ ಹಾಡಿನ ಒಂದೇ ಭಾಗವನ್ನು ಎರಡರಲ್ಲೂ ಅಳೆದು ಸರಿಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ರಿಸೀವರಿನ 'ನೈಟ್ ಮೋಡ್' ಆನ್ ಆಗಿದ್ದರೆ ಅದನ್ನೂ ತೆಗೆಯಿರಿ. ಸದ್ದಿನ ಏರಿಳಿತವನ್ನೆಲ್ಲ ಅದು ತುಳಿದುಹಾಕುತ್ತದೆ.

ಈ ಹೋಲಿಕೆಗೆಂದೇ ಹುಟ್ಟಿದಂತಿರುವ ಡಿಸ್ಕ್ ಒಂದಿದೆ. ಅಮೆರಿಕದ ರಾಕ್ ತಂಡ ಟಾಕಿಂಗ್ ಹೆಡ್ಸ್‌ನ 'ಸ್ಟಾಪ್ ಮೇಕಿಂಗ್ ಸೆನ್ಸ್'. 1983ರ ಡಿಸೆಂಬರ್‌ನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ ಚಿತ್ರೀಕರಣ, 1984ರಲ್ಲಿ ಬಿಡುಗಡೆ, ನಿರ್ದೇಶನ ಜೊನಾಥನ್ ಡೆಮಿ. ಸಂಗೀತವನ್ನು ಡಿಜಿಟಲ್ ಆಗಿ 24 ಟ್ರ್ಯಾಕ್‌ನಲ್ಲಿ, ಅಂದರೆ 24 ಬೇರೆಬೇರೆ ಪಟ್ಟಿಗಳಲ್ಲಿ ಧ್ವನಿಮುದ್ರಿಸಿದ್ದರು, ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಡಿಸ್ಕಿನಲ್ಲಿ ಸ್ಟೀರಿಯೋ ಒಂದು, ಅದರ ಜೊತೆ 5.1 ಮಿಕ್ಸ್ ಒಂದಲ್ಲ, ಎರಡು: ಒಂದಕ್ಕೆ ಫೀಚರ್ ಫಿಲ್ಮ್ ಮಿಕ್ಸ್ ಎಂದು ಹೆಸರು, ಇನ್ನೊಂದಕ್ಕೆ ಸ್ಟುಡಿಯೋ ಮಿಕ್ಸ್. ಅದೇ ರಾತ್ರಿಗಳು, ಅದೇ ಕೈಗಳು, ಅದೇ ಕ್ಯಾಮೆರಾ, ಆದರೆ ಕೇಳುವ ಬಗೆ ಮೂರು. ಸರೌಂಡ್ ಅಂದರೆ ಒಂದೇ ರುಚಿ ಎಂದುಕೊಂಡವರು ಇದನ್ನು ಕೇಳಲೇಬೇಕು.

ಸಿನಿಮಾ ಶುರುವಾಗುವುದು ಖಾಲಿ ವೇದಿಕೆಯಿಂದ. ಗಾಯಕ ಡೇವಿಡ್ ಬರ್ನ್ ಒಬ್ಬನೇ ಅಕೌಸ್ಟಿಕ್ ಗಿಟಾರ್ ಹಿಡಿದು ಬರುತ್ತಾನೆ, ಕ್ಯಾಸೆಟ್ ಪ್ಲೇಯರ್ ನೆಲಕ್ಕಿಟ್ಟು ತಾಳ ಹಾಕಿಕೊಂಡು ಹಾಡುತ್ತಾನೆ. ಎರಡನೇ ಹಾಡಿಗೆ ಟೀನಾ ವೇಮೌತ್ ಬಾಸ್ ಹಿಡಿದು ಬರುತ್ತಾಳೆ, ಮೂರನೆಯದಕ್ಕೆ ಕ್ರಿಸ್ ಫ್ರಾಂಟ್ಜ್ ಡ್ರಮ್ಸ್ ಮುಂದೆ ಕೂರುತ್ತಾನೆ, ನಾಲ್ಕನೆಯದಕ್ಕೆ ಜೆರ್ರಿ ಹ್ಯಾರಿಸನ್ ಗಿಟಾರ್. ಹೀಗೆ ಒಬ್ಬೊಬ್ಬರೇ ಸೇರಿ ವೇದಿಕೆ ತುಂಬುತ್ತದೆ. ಒಂದೊಂದೇ ವಾದ್ಯ ಕೂಡುವುದರಿಂದ ಯಾವ ಟ್ರ್ಯಾಕು ಯಾವ ವಾದ್ಯವನ್ನು ಎಲ್ಲಿ ಕೂರಿಸಿದೆ ಎಂದು ಕಿವಿಗೆ ಸ್ಪಷ್ಟವಾಗಿ ಸಿಗುತ್ತದೆ. ಮೊದಲ ಹಾಡನ್ನು ಸ್ಟೀರಿಯೋದಲ್ಲಿ ಕೇಳಿದರೆ ಗಿಟಾರಿನ ತಂತಿಗೆ ಉಗುರು ತಾಗುವುದು ಎದುರಿಗೇ ಕೇಳುತ್ತದೆ, ಆದರೆ ಸುತ್ತ ಏನೂ ಇಲ್ಲ. ಫೀಚರ್ ಫಿಲ್ಮ್ ಮಿಕ್ಸ್‌ಗೆ ಬದಲಾಯಿಸಿದೊಡನೆ ಆ ಕ್ಯಾಸೆಟ್ಟಿನ ಬೀಟು ಥಿಯೇಟರಿನ ಹಿಂಗೋಡೆಯನ್ನು ಮುಟ್ಟಿ ಬರುತ್ತದೆ. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ಒಬ್ಬನೇ ಮನುಷ್ಯ ನಿಂತಿದ್ದಾನೆ ಎನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಈ ಸಿನಿಮಾದಲ್ಲಿ ಡೆಮಿ ಪ್ರೇಕ್ಷಕರನ್ನು ಕೊನೆಯ ತನಕ ಹೆಚ್ಚುಕಮ್ಮಿ ತೋರಿಸುವುದೇ ಇಲ್ಲ. ಪರದೆಯಲ್ಲಿ ಕಾಣದ ಜನ ಹಿಂದಿನ ಸ್ಪೀಕರ್‌ಗಳಲ್ಲಿ ಇದ್ದಾರೆ. ಸರೌಂಡ್ ಇಲ್ಲಿ ಕ್ಯಾಮೆರಾ ಬಿಟ್ಟುಕೊಟ್ಟ ಕೆಲಸವನ್ನು ಮಾಡುತ್ತಿದೆ, ಅದಕ್ಕೇ ನನಗೆ ಅಷ್ಟು ಇಷ್ಟ.

ಸ್ಟುಡಿಯೋ ಮಿಕ್ಸ್ ಬೇರೆಯೇ ದಾರಿ ಹಿಡಿಯುತ್ತದೆ. ಜನರ ಗದ್ದಲ ಹಿಂದೆ ಸರಿದು ವಾದ್ಯಗಳು ಹತ್ತಿರ ಬರುತ್ತವೆ, ಬಾಸ್ ಗಟ್ಟಿಯಾಗುತ್ತದೆ. ಬರ್ನೀ ವೊರೆಲ್‌ನ ಕೀಬೋರ್ಡ್, ಸ್ಟೀವ್ ಸ್ಕೇಲ್ಸ್‌ನ ತಾಳವಾದ್ಯ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಕಣ್ಣು ಮುಚ್ಚಿ ಕೇಳುವುದಾದರೆ ಬಹಳ ಸೊಗಸು. ಚಿತ್ರ ನೋಡುತ್ತಾ ಕೇಳಿದರೆ ನನಗೆ ಕಿರಿಕಿರಿ: ಎದುರಿಗೆ ಕಾಣುವ ಮನುಷ್ಯನ ಸದ್ದು ಥಿಯೇಟರಿನಿಂದ ಬಂದಂತೆ ಅನ್ನಿಸುವುದಿಲ್ಲ. ಒಂಬತ್ತು ಜನ ಒಟ್ಟಿಗೆ ನುಡಿಸುವ ಹೊತ್ತಿಗೆ, ಸ್ಟುಡಿಯೋ ಮಿಕ್ಸ್ ಮತ್ತು ಸ್ಟೀರಿಯೋ ನಡುವೆ ಆರಿಸು ಅಂದರೆ ನಾನು ಸ್ಟೀರಿಯೋ ಆರಿಸುತ್ತೇನೆ. 2023ರ ಪುನರುಜ್ಜೀವಿತ ಆವೃತ್ತಿಗೆ ಅಟ್ಮಾಸ್ ಮಿಕ್ಸ್ ಕೂಡ ಬಂದಿದೆ, ತಲೆಯ ಮೇಲಿನಿಂದಲೂ ಸದ್ದು ಬರುವ ಡಾಲ್ಬಿ ಪದ್ಧತಿ ಅದು. ನಮ್ಮ ಹಾಲ್‌ನಲ್ಲಿ ಮೇಲ್ಗಡೆ ಸ್ಪೀಕರ್ ಇಲ್ಲ.

ಸೆಂಟರ್ ಸ್ಪೀಕರಿನ ಮಾತು ಸಾಮಾನ್ಯವಾಗಿ ಯಾರೂ ಆಡುವುದಿಲ್ಲ, ಆದರೆ ಮನೆಮಂದಿಯೆಲ್ಲ ಕೂತು ನೋಡುವಾಗ 5.1ರ ನಿಜವಾದ ಲಾಭ ಅದೇ. ಸ್ಟೀರಿಯೋದಲ್ಲಿ ಗಾಯಕನ ದನಿ ನಡುವೆ ಇದೆ ಎನ್ನುವುದು ಒಂದು ಭ್ರಮೆ. ಎರಡೂ ಸ್ಪೀಕರ್‌ನಿಂದ ಸಮವಾಗಿ ಬರುವುದರಿಂದ ಹಾಗೆ ಅನ್ನಿಸುತ್ತದೆ, ಅದೂ ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ. ಎರಡಡಿ ಪಕ್ಕಕ್ಕೆ ಸರಿದರೆ ದನಿಯೂ ಹತ್ತಿರದ ಸ್ಪೀಕರ್‌ಗೆ ವಾಲುತ್ತದೆ. ನಮ್ಮಮ್ಮ ಕೂರುವುದು ಬಲಗಡೆಯ ದಿವಾನದ ಮೇಲೆ. ಸ್ಟೀರಿಯೋ ಹಾಕಿದ್ದಾಗ "ಅವನು ಅಲ್ಲಿ ನಿಂತು ಹಾಡ್ತಿದ್ರೆ ದನಿ ಈ ಡಬ್ಬದಿಂದ ಬರುತ್ತಲ್ಲೋ" ಅಂದರು. ಧ್ವನಿ ವಿಜ್ಞಾನವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. 5.1ರಲ್ಲಿ ದನಿಗೆ ಟಿವಿಯ ಕೆಳಗೇ ಒಂದು ಸ್ವಂತ ಸ್ಪೀಕರ್ ಇದೆ, ಯಾರು ಎಲ್ಲಿ ಕೂತರೂ ಹಾಡು ಹಾಡುವವನ ಬಾಯಿಂದಲೇ ಬರುತ್ತದೆ. ನಾನೊಬ್ಬನೇ ಕೇಳುವ ರಾತ್ರಿಗಳಲ್ಲಿ ಸ್ಟೀರಿಯೋ, ಮನೆಯವರು ಜೊತೆಗಿದ್ದರೆ 5.1 ಎನ್ನುವ ರೂಢಿ ಬಂದದ್ದು ಹೀಗೆ.

ಈಗ ಸಿತಾರ್. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಪಾಪ್ ಉತ್ಸವವನ್ನು ಡಿ. ಎ. ಪೆನ್ನೆಬೇಕರ್ ಚಿತ್ರೀಕರಿಸಿದ್ದು 'ಮಾಂಟೆರೆ ಪಾಪ್', 1968ರ ಸಿನಿಮಾ. ಅದು ಮುಗಿಯುವುದು ಪಂಡಿತ್ ರವಿಶಂಕರ್ ಅವರ ವಾದನದಿಂದ, ತಬಲಾದಲ್ಲಿ ಅಲ್ಲಾ ರಖಾ. ಧ್ವನಿಮುದ್ರಣ ಎಂಟು ಟ್ರ್ಯಾಕ್‌ನದು. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ ಹೊರತಂದ ಡಿಸ್ಕಿನಲ್ಲಿ ಧ್ವನಿ ಎಂಜಿನಿಯರ್ ಎಡ್ಡಿ ಕ್ರೇಮರ್ ಮಾಡಿದ 5.1 ಮಿಕ್ಸ್ ಇದೆ, ಮೂಲದ ಸ್ಟೀರಿಯೋ ಕೂಡ ಇದೆ. ಈ ಭಾಗವನ್ನು ಪೆನ್ನೆಬೇಕರ್ ಕಟ್ಟಿರುವ ರೀತಿ ಅಪರೂಪದ್ದು. ಸಿತಾರ್ ಕೇಳುತ್ತಲೇ ಇರುತ್ತದೆ, ಕ್ಯಾಮೆರಾ ಮಾತ್ರ ಬಹಳ ಹೊತ್ತು ಜನರ ನಡುವೆ ಅಡ್ಡಾಡುತ್ತದೆ. ಕೂತವರು, ನಿಂತವರು, ಅರೆಗಣ್ಣು ಮುಚ್ಚಿದವರು, ಎಲ್ಲರನ್ನೂ ನೋಡಿಯಾದ ಮೇಲೆ ವೇದಿಕೆಗೆ ಬರುತ್ತದೆ. ಅಷ್ಟು ಹೊತ್ತೂ ನೋಡುಗ ಆ ಗುಂಪಿನೊಳಗೆ ಇದ್ದಾನೆ, ಆದ್ದರಿಂದ ಸರೌಂಡ್ ಅಲ್ಲಿ ಹೊಂದುತ್ತದೆ. ಕ್ಯಾಮೆರಾ ಬೆರಳುಗಳ ಹತ್ತಿರ ಹೋದ ಮೇಲೆ ನನ್ನ ಕಿವಿ ಸ್ಟೀರಿಯೋ ಕೇಳುತ್ತದೆ. ಸಿತಾರಿನ ಜವಾರಿಯ (ತಂತಿ ಹಾಯುವ ಅಗಲ ಕುದುರೆಯ) ಝೇಂಕಾರ ಬಹಳ ಸೂಕ್ಷ್ಮ, ಮೀಂಡ್ ಎಳೆದಾಗ ತಂತಿಯ ನಾದ ಬಾಗುವುದು, ಕೆಳಗಿನ ತರಬ್ ತಂತಿಗಳು ತಾವಾಗಿ ಮಿಡಿಯುವುದು, ಇವೆಲ್ಲ ಒಂದೇ ಬಿಂದುವಿನಿಂದ ಹೊರಟರೇನೇ ಚೆಂದ. ಹಿಂದಿನಿಂದಲೂ ಅದರ ನೆರಳು ಬಂದರೆ ನಾದದ ಅಂಚು ಮೆತ್ತಗಾಗುತ್ತದೆ. ತಬಲಾದ ಬಾಯಾಂ, ಅಂದರೆ ಎಡಗೈ ವಾದ್ಯದ ಮೇಲೆ ಅಂಗೈ ಉಜ್ಜಿ ತೆಗೆಯುವ ಗುಮುಕಿ ಕೂಡ ಸ್ಟೀರಿಯೋದಲ್ಲೇ ಹೆಚ್ಚು ಬಿಗಿ. ಕೊನೆಯಲ್ಲಿ ಇಬ್ಬರೂ ದ್ರುತದಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವಂತೆ ನುಡಿಸಿ ನಿಲ್ಲಿಸಿದಾಗ ಜನ ಎದ್ದು ನಿಲ್ಲುತ್ತಾರಲ್ಲ, ಆ ಕರತಾಡನಕ್ಕೆ ಮತ್ತೆ 5.1 ಬೇಕೇ ಬೇಕು. ಒಂದೇ ವಾದನದೊಳಗೆ ಎರಡೂ ಟ್ರ್ಯಾಕಿನ ಹಂಬಲ ಹುಟ್ಟಿಸುವ ಇನ್ನೊಂದು ಡಿಸ್ಕ್ ನನ್ನ ಬಳಿ ಇಲ್ಲ. ಆದರೆ ಒಂದನ್ನೇ ಆರಿಸು ಅಂದರೆ ರವಿಶಂಕರ್ ಅವರಿಗೆ ಸ್ಟೀರಿಯೋ.

ಡಿವಿಡಿ ಇನ್ನೂ ಇಟ್ಟುಕೊಂಡಿರುವವರಿಗೆ ಒಂದು ಲೆಕ್ಕ. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್‌ಗೆ ಸಿಗುವ ಗರಿಷ್ಠ ಜಾಗ ಸೆಕೆಂಡಿಗೆ 448 ಕಿಲೋಬಿಟ್. ಆರು ಚಾನೆಲ್ಲೂ ಅದನ್ನೇ ಹಂಚಿಕೊಳ್ಳಬೇಕು. 48 ಕಿಲೋಹರ್ಟ್ಸ್, 16 ಬಿಟ್‌ನ ಪಿಸಿಎಂ ಸ್ಟೀರಿಯೋ ಬರೀ ಎರಡು ಚಾನೆಲ್ಲಿಗೆ 1536 ಕಿಲೋಬಿಟ್ ತೆಗೆದುಕೊಳ್ಳುತ್ತದೆ, ಯಾವ ಕುಗ್ಗಿಸುವಿಕೆಯೂ ಇಲ್ಲದೆ. ತಾಳದ ಸದ್ದು ಆರಿಹೋಗುವ ಬಾಲ, ಚಪ್ಪಾಳೆಯ ಕಾಳುಕಾಳು, ಇವು ಡಾಲ್ಬಿಯಲ್ಲಿ ಕಲಸಿಹೋಗುವುದು ಇದರಿಂದಲೇ. ಡಾಲ್ಬಿಯಂಥದೇ ಇನ್ನೊಂದು ಪದ್ಧತಿಯಾದ ಡಿಟಿಎಸ್ ಇದ್ದರೆ, ಅದಕ್ಕೆ 754 ಇಲ್ಲವೇ 1509 ಕಿಲೋಬಿಟ್ ಸಿಗುವುದರಿಂದ ಪರಿಸ್ಥಿತಿ ಎಷ್ಟೋ ವಾಸಿ. ಈಗಲ್ಸ್ ತಂಡದ 'ಹೆಲ್ ಫ್ರೀಜಸ್ ಓವರ್' ಡಿಸ್ಕಿನ ಡಿಟಿಎಸ್ ಟ್ರ್ಯಾಕನ್ನು ಆಡಿಯೋ ಅಂಗಡಿಗಳಲ್ಲಿ ಡೆಮೋಗೆ ಹಾಕಿ ಹಾಕಿ ಸವೆಸಿದ್ದಾರೆ, ಆದರೂ ಅದರ ಗುಣ ಸವೆದಿಲ್ಲ. ಬ್ಲೂ-ರೇಯಲ್ಲಿ ಈ ತಕರಾರೇ ಇಲ್ಲ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಒಂದು ಬಿಟ್ ಕಳೆಯದೆ ಬಿಚ್ಚಿಕೊಳ್ಳುತ್ತವೆ. ಅಲ್ಲಿ ಉಳಿಯುವುದು ಮಿಕ್ಸ್ ಯಾರದು, ಹೇಗೆ ಎಂಬ ಪ್ರಶ್ನೆ ಮಾತ್ರ.

ಸ್ಟೀರಿಯೋ ಕೇಳಬೇಕೆಂದರೆ ಡಿಸ್ಕಿನ ಮೆನುವಿಗೆ ಹೋಗಿ ಸ್ಟೀರಿಯೋ ಟ್ರ್ಯಾಕನ್ನೇ ಆರಿಸಿ. ರಿಸೀವರಿನ ಮೇಲಿರುವ 'ಸ್ಟೀರಿಯೋ' ಗುಂಡಿ ಒತ್ತಿದರೆ ಅದು 5.1 ಅನ್ನೇ ಎರಡಕ್ಕೆ ಮಡಿಸಿ ಕೊಡುತ್ತದೆ. ಸೆಂಟರ್ ಮತ್ತು ಹಿಂದಿನ ಚಾನೆಲ್‌ಗಳನ್ನು ಸಾಮಾನ್ಯವಾಗಿ 3 ಡೆಸಿಬೆಲ್ ಇಳಿಸಿ ಮುಂದಿನವುಗಳ ಜೊತೆ ಬೆರೆಸುತ್ತದೆ, ಸಬ್‌ವೂಫರಿನ ಪ್ರತ್ಯೇಕ ಚಾನೆಲ್ಲನ್ನು ಬಹುತೇಕ ಬಿಟ್ಟೇಬಿಡುತ್ತದೆ. ಸಭಾಂಗಣದ ಮಾರ್ದನಿಯೆಲ್ಲ ಗಾಯಕನ ಮೇಲೆ ಬಂದು ಬೀಳುತ್ತದೆ. ಅದನ್ನು ಕೇಳಿ "ಸ್ಟೀರಿಯೋ ಚೆನ್ನಾಗಿಲ್ಲ" ಅನ್ನುವುದು ಆ ಟ್ರ್ಯಾಕನ್ನು ಕೂತು ಮಿಕ್ಸ್ ಮಾಡಿದವರಿಗೆ ಮಾಡುವ ಅನ್ಯಾಯ.

ಶ್ರುತಿಯ ಬಗ್ಗೆ ಕಾಳಜಿ ಇರುವವರು ಕೊಳ್ಳುವ ಮುಂಚೆ ಇದನ್ನೂ ನೋಡಿ. ಸೆಕೆಂಡಿಗೆ 24 ಫ್ರೇಮಿನಂತೆ ಚಿತ್ರೀಕರಿಸಿದ ಸಿನಿಮಾವನ್ನು ಪ್ಯಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿಗೆ ಹಾಕುವಾಗ 25 ಫ್ರೇಮಿನಂತೆ ಓಡಿಸುತ್ತಾರೆ. ಶೇಕಡಾ 4ರಷ್ಟು ವೇಗ ಹೆಚ್ಚುತ್ತದೆ, ಶ್ರುತಿ ಸರಿಪಡಿಸದಿದ್ದರೆ ಅರ್ಧ ಸ್ವರದ ಮುಕ್ಕಾಲು ಪಾಲಿನ ಹತ್ತಿರ ಮೇಲಕ್ಕೆ ಹೋಗುತ್ತದೆ. ತಂಬೂರಿ ಇಟ್ಟುಕೊಂಡು ಕೇಳುವವರಿಗೆ ಅದು ಸಹಿಸಲಾಗದ ವ್ಯತ್ಯಾಸ. ಸ್ಟೀರಿಯೋ, ಸರೌಂಡ್ ಎರಡಕ್ಕೂ ಒಂದೇ ಗತಿ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿವಿಡಿ ಅಥವಾ 24 ಫ್ರೇಮಿನ ಬ್ಲೂ-ರೇ ತರಿಸಿಕೊಳ್ಳುವುದು ಮೇಲು. ರೀಜನ್ ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂಬ ಗುರುತು: ಭಾರತ ಡಿವಿಡಿಗೆ ರೀಜನ್ 5, ಬ್ಲೂ-ರೇಗೆ ರೀಜನ್ ಸಿ. ಅಮೆರಿಕದ ಡಿಸ್ಕ್‌ಗಳಲ್ಲಿ ಹಲವಕ್ಕೆ ರೀಜನ್ ಬೀಗ ಇರುತ್ತದೆ, ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇಲ್ಲದೆ ದುಡ್ಡು ಹಾಕಬೇಡಿ.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ, ಇರುವ ಹಣದ ದೊಡ್ಡ ಪಾಲು ಮುಂದಿನ ಎರಡು ಸ್ಪೀಕರ್‌ಗೆ ಹೋಗಲಿ ಅನ್ನುತ್ತೇನೆ. ಆಮೇಲೆ ಅದೇ ಕಂಪನಿಯ, ಅದೇ ಸರಣಿಯ ಸೆಂಟರ್, ಇಲ್ಲವಾದರೆ ಗಾಯಕ ನಡೆದಾಡಿದಂತೆಲ್ಲ ದನಿಯ ಬಣ್ಣ ಬದಲಾಗುತ್ತದೆ. ಹಿಂದಿನ ಎರಡು ಚಿಕ್ಕವಿದ್ದರೂ ನಡೆಯುತ್ತದೆ, ಒಳ್ಳೆಯ ಮಿಕ್ಸ್‌ನಲ್ಲಿ ಅವು ಹೊರಬೇಕಾದದ್ದು ಸಭಾಂಗಣದ ಗಾಳಿಯನ್ನು ಮಾತ್ರ. ಸಬ್‌ವೂಫರಿಗೆ ಅವಸರ ಬೇಡ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಮನೆಯವರನ್ನು ಒಮ್ಮೆ ಮಾತಾಡಿಸಿ ಆಮೇಲೆ ತನ್ನಿ.