ಶಾಲೆಯ ಲಿನೋ ಮುದ್ರಣಕ್ಕೆ ನೀರಿನ ಶಾಯಿ: ಬಳಸಬಹುದೇ?

ಪ್ರೌಢಶಾಲೆಯ ಮಕ್ಕಳಿಗೆ ಲಿನೋಕಟ್ (ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಕೆತ್ತಿ ಅಚ್ಚೊತ್ತುವ ಕಲೆ) ಕಲಿಸಲು ನೀರಿನಲ್ಲಿ ತೊಳೆಯುವ ಬ್ಲಾಕ್ ಪ್ರಿಂಟಿಂಗ್ ಶಾಯಿ ಖಂಡಿತ ಕೊಳ್ಳಬಹುದು. ಟರ್ಪೆಂಟೈನ್ ಗೊಡವೆಯಿಲ್ಲ, ರೋಲರನ್ನು ನಲ್ಲಿ ಕೆಳಗೆ ಹಿಡಿದರೆ ಸಾಕು. ಬೇಗ ಒಣಗುವುದೇ ಇದರ ದೊಡ್ಡ ಕೊರತೆ. ತರಗತಿಯಲ್ಲಿ ಫ್ಯಾನ್ ಆರಿಸಿಯೇ ಕೆಲಸ ಶುರುಮಾಡಿ.

ಎ5 ಅಳತೆಯ ಬ್ಲಾಕಿಗೆ ಅರ್ಧ ಟೀ ಚಮಚ ಶಾಯಿಯಿಂದ ಆರಂಭಿಸಿ, ಗಾಜಿನ ಮೇಲೆ ತೆಳುವಾಗಿ ಹರಡಿ. ರೋಲರ್ ಉರುಳುವಾಗ ಸಣ್ಣಗೆ ಚರಚರ ಎನ್ನಬೇಕು. ಪಚಪಚ ಎಂದರೆ ಶಾಯಿ ಹೆಚ್ಚಾಗಿದೆ, ಮಕ್ಕಳು ಕಷ್ಟಪಟ್ಟು ಕೆತ್ತಿದ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅಚ್ಚು ಚುಕ್ಕೆಚುಕ್ಕೆಯಾಗಿ ಬಂದರೆ ಶಾಯಿ ಸಾಲದು, ಇಲ್ಲವೇ ಬ್ಲಾಕಿನ ಮೇಲೇ ಒಣಗಿದೆ. ನೀರು ಬೆರೆಸಬೇಡಿ, ಅಂಚು ಕದಡುತ್ತದೆ. ಶಾಯಿ ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಒಂದೆರಡು ಹನಿ ಸಾಕು. ಒಣಗಿದ ಅಚ್ಚಿನ ಮೇಲೆ ಜಲವರ್ಣ ಹಚ್ಚಿದರೂ ಶಾಯಿ ಕರಗುತ್ತದೆ.