ತಗಡಿನ ಮಾಡು, ನಾಲ್ಕು ಆಲ್ಬಂ, ಒಂದು ಮಳೆಗಾಲ

ಯಾವ ಜಾಝ್ ಆಲ್ಬಂ ದೊಡ್ಡದು ಅಂತ ನನಗೂ ನನ್ನ ಗೆಳೆಯನಿಗೂ ಹಳೇ ಜಗಳ. ಅವನಿರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ನಾನು ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಿಂದ ಒಳಗೆ. ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತದೆ. ಮೊದಲು ಮಳೆ, ಆಮೇಲೆ ಅಡಿಕೆ ರೇಟು, ಆಮೇಲೆ ಜಾಝ್. "ಕೋರ್ಪಲಯ್ಯನ ಛತ್ರದ ಹತ್ರ ಮಂಟಪ ಮುಳುಗಿತು ಮಾರಾಯ, ಗಾಜನೂರು ಡ್ಯಾಮಿನ ಗೇಟ್ ತೆಗೆದಿದ್ದಾರಂತೆ" ಅನ್ನುತ್ತಾನೆ. ಅದರ ಬೆನ್ನಿಗೇ, "ನಿನ್ನೆ ಮೈಲ್ಸ್ ಹಾಕಿದ್ಯಾ, ಇಲ್ವಾ?"

ಅವನ ಆಲ್ಬಂ ತುತ್ತೂರಿ ಊದುವ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ನನ್ನದು ಪಿಯಾನೋದ ಡೇವ್ ಬ್ರೂಬೆಕ್ ತಂಡದ 'ಟೈಮ್ ಔಟ್'. ಎರಡೂ 1959ರವು. ಎರಡೂ ಕೊಲಂಬಿಯಾ ರೆಕಾರ್ಡ್ ಕಂಪನಿಯವು. ಎರಡೂ ನ್ಯೂಯಾರ್ಕಿನ 30ನೇ ಬೀದಿಯ ಒಂದೇ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು, ಅದು ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಮೈಲ್ಸ್ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎರಡು ದಿನ ಕೂತು ಮುಗಿಸಿದ. ಬ್ರೂಬೆಕ್ ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ದಿನ ತೆಗೆದುಕೊಂಡ. ಅಂದರೆ ನಮ್ಮಿಬ್ಬರ ಜಗಳ ಒಂದೇ ಮನೆಯ ಎರಡು ಮಕ್ಕಳ ಬಗ್ಗೆ.

ಈ ಸಲ ಸುಮ್ನೆ ಬಾಯಿ ಮಾಡುವುದು ಬೇಡ, ಇಡೀ ಮಳೆಗಾಲ ಕೇಳಿ ನೋಡೋಣ ಅಂದುಕೊಂಡೆವು. ಅವನು ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ಸೇರಿಸಿದ. ನಾನು ಇನ್ನೊಬ್ಬ ಸ್ಯಾಕ್ಸೋಫೋನಿನವ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ 'ಜ್ಯೋತಿ' ಸೇರಿಸಿದೆ. ನನ್ನ ಕಡೆ ಕಷಾಯದ ಲೋಟದಷ್ಟೇ ಎತ್ತರದ ಸ್ಪೀಕರ್, ಜಗಲಿಯ ಕಟ್ಟೆ, ಸಂಜೆ ಹೊತ್ತು. ಅವನ ಕಡೆ ಟರ್ನ್‌ಟೇಬಲ್, ಆರ್‌ಸಿಸಿ ಮನೆಯ ಒಳಕೋಣೆ.

ಪುನರ್ವಸು ಮಳೆ ಹಿಡಿದ ಮೇಲೆ ಶುರು ಮಾಡಿದೆ. ನಮ್ಮದು ಹಂಚಿನ ಮನೆ, ಆದರೆ ಜಗಲಿಯ ಮುಂದಕ್ಕೆ ತಗಡಿನ ಶೀಟ್ ಇಳಿಸಿದ್ದೇವೆ. ಅದರ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಆದರೆ ಮಳೆ ಎಲ್ಲ ಸದ್ದನ್ನೂ ಒಂದೇ ಥರ ನುಂಗುವುದಿಲ್ಲ ಅನ್ನುವುದು ಮೂರನೇ ದಿನಕ್ಕೆ ಗೊತ್ತಾಯಿತು. ಅದು ಸೊಯ್ ಅನ್ನುವ ತೆಳು ಸದ್ದು, ತನ್ನ ಜಾತಿಯದನ್ನೇ ಮೊದಲು ಹಿಡಿಯುತ್ತದೆ. 'ಕೈಂಡ್ ಆಫ್ ಬ್ಲೂ'ನಲ್ಲಿ ಡ್ರಮ್ಮಿನ ಜಿಮ್ಮಿ ಕಾಬ್ ತಟ್ಟುವ ಸಿಂಬಲ್, ಅಂದರೆ ಲೋಹದ ತಟ್ಟೆ, ಪೂರ್ತಿ ಹೋಯಿತು. 'ಸೋ ವಾಟ್' ಶುರುವಲ್ಲಿ ಬಿಲ್ ಎವನ್ಸ್‌ನ ಪಿಯಾನೋ ಮತ್ತು ಪಾಲ್ ಚೇಂಬರ್ಸ್‌ನ ಬಾಸ್ ಪಿಸುಗುಟ್ಟುವ ಆ ಕೆಲವು ಕ್ಷಣ ಇವೆಯಲ್ಲ, ಅವು ಇಲ್ಲವೇ ಇಲ್ಲ. ಸ್ಪೀಕರ್ ಆನ್ ಆಗಿಲ್ಲ ಅಂತ ಎರಡು ಸಲ ಗುಂಡಿ ಒತ್ತಿದೆ. 'ಬ್ಲೂ ಇನ್ ಗ್ರೀನ್'ನಲ್ಲಿ ಮೈಲ್ಸ್ ತುತ್ತೂರಿಯ ಬಾಯಿಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿ ಊದುತ್ತಾನೆ. ಜಗತ್ತೆಲ್ಲ ಹೊಗಳುವ ಆ ಸದ್ದು ನಮ್ಮ ಜಗಲಿಯಲ್ಲಿ ಆಗಾಗ ಬಂದು ಹೋಗುವ ಸೊಳ್ಳೆಯಷ್ಟೇ.

'ಟೈಮ್ ಔಟ್' ಮಾತ್ರ ಮಳೆಗೆ ಬಗ್ಗಲಿಲ್ಲ. ಬ್ರೂಬೆಕ್‌ನದು ಭಾರದ ಕೈ, ಪಿಯಾನೋವನ್ನು ಕುಟ್ಟುತ್ತಾನೆ ಅಂತ ಬೈಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ, ನನ್ನ ಗೆಳೆಯನಂತೂ ಇದ್ದಾನೆ. ಕುಟ್ಟಲಿ ಬಿಡಿ. ತಗಡಿನ ಕೆಳಗೆ ಅಂಥದ್ದೇ ಬೇಕು. 'ಟೇಕ್ ಫೈವ್'ನಲ್ಲಿ ಜೋ ಮೊರೆಲ್ಲೋನ ಡ್ರಮ್ ಬರುವ ಜಾಗದಲ್ಲಿ ದೊಡ್ಡ ಹೊಡೆತಗಳು ಮಳೆಯನ್ನು ತಳ್ಳಿಕೊಂಡು ಬರುತ್ತವೆ. ಅಂದಹಾಗೆ ಆ ಹಾಡು ಬ್ರೂಬೆಕ್‌ನದಲ್ಲ, ಸ್ಯಾಕ್ಸೋಫೋನ್ ನುಡಿಸುವ ಪಾಲ್ ಡೆಸ್ಮಂಡ್‌ನದು. 1977ರಲ್ಲಿ ತೀರಿಕೊಳ್ಳುವ ಮೊದಲು ಅದರಿಂದ ಬರುವ ದುಡ್ಡನ್ನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟ ಪುಣ್ಯಾತ್ಮ.

ಅತ್ತೆ ಪರೀಕ್ಷೆಗೆ ತಾನಾಗಿಯೇ ಸೇರಿಕೊಂಡರು. ಅತ್ತೆ ಅಂದರೆ ಅಪ್ಪನ ಅಕ್ಕ. ಹುಡುಗಿಯಾಗಿದ್ದಾಗ ಸಂಗೀತ ಕಲಿತವರು, ಈಗ ಎಪ್ಪತ್ತೆಂಟು. ಡೆಸ್ಮಂಡ್ ಶುರು ಮಾಡಿದ ಕೂಡಲೇ ಒಳಗಿನಿಂದ ಕೇಳಿದರು: "ಕದ್ರಿ ಗೋಪಾಲನಾಥ್ ಅಲ್ವನಾ ಅದು?" ನಗು ಬಂತು, ಆದರೆ ಅವರು ಅಷ್ಟೇನೂ ತಪ್ಪಲ್ಲ. ಕದ್ರಿಯವರ ಕೈಲಿದ್ದದ್ದೂ ಆಲ್ಟೋ ಸ್ಯಾಕ್ಸೋಫೋನೇ, ಇವನದೂ ಅದೇ. ಕೋಲ್ಟ್ರೇನ್‌ನದು ಟೆನರ್, ಅದಕ್ಕೆ ಗಂಟಲು ದಪ್ಪ. ಅವನನ್ನು ಹಾಕಿದ ದಿನ ಅತ್ತೆ ಕದ್ರಿಯ ಸುದ್ದಿ ಎತ್ತಲಿಲ್ಲ.

ಆಮೇಲೆ ತೊಡೆ ಮೇಲೆ ತಾಳ ಹಾಕತೊಡಗಿದರು. 'ಟೇಕ್ ಫೈವ್' ಐದರ ಲೆಕ್ಕ. ಅವರು ನಮ್ಮ ಐದರ ತಾಳ ಖಂಡ ಚಾಪು ಹಿಡಿದರು, ತಕ ತಕಿಟ, ಎರಡು ಆಮೇಲೆ ಮೂರು. ಎಲ್ಲೋ ಕುಟುಕಿತು. ಎರಡು ಸುತ್ತು ಬಿಟ್ಟು ತಿರುಗಿಸಿದರು, ತಕಿಟ ತಕ. ಕೂತಿತು. "ನಮ್ಮದನ್ನೇ ತಲೆಕೆಳಗೆ ಮಾಡಿದಾನೆ" ಅಂದರು. 'ಬ್ಲೂ ರೊಂಡೋ ಅಲಾ ಟರ್ಕ್' ಇನ್ನೂ ಮಜಾ. ಇಸ್ತಾಂಬುಲ್ ಬೀದಿಯಲ್ಲಿ ವಾದ್ಯದವರು ನುಡಿಸುತ್ತಿದ್ದ ಒಂಬತ್ತರ ಲಯವನ್ನು ಬ್ರೂಬೆಕ್ ಎತ್ತಿಕೊಂಡು ಬಂದದ್ದು. ತಕ ತಕ ತಕ ತಕಿಟ, ಹೀಗೆ ಮೂರು ಸಲ. ನಾಲ್ಕನೇ ಸಲ ತಕಿಟ ತಕಿಟ ತಕಿಟ. ಅತ್ತೆ ನಾಲ್ಕನೆಯದಕ್ಕೆ ಪ್ರತಿಸಲ ಎಡವಿದರು, ಪ್ರತಿಸಲ ಮತ್ತೆ ಹಾಕಿಸಿದರು. ಆ ವಾರ ನನಗೆ ಬೇರೆ ಏನೂ ಕೇಳಲು ಆಗಲಿಲ್ಲ.

ಮೈಲ್ಸ್‌ಗೂ ಅವರು ಕಿವಿ ಕೊಟ್ಟರು, ಮಳೆ ಕಡಿಮೆಯಿದ್ದ ಒಂದು ಮಧ್ಯಾಹ್ನ. 'ಸೋ ವಾಟ್'ನಲ್ಲಿ ಸ್ವರಗಳು ಜಾಸ್ತಿ ಬದಲಾಗುವುದಿಲ್ಲ, ಒಂದೇ ಮೇಳದಲ್ಲಿ, ಅಂದರೆ ಒಂದೇ ಸ್ವರಸಾಲಿನಲ್ಲಿ, ಓಡಾಡುತ್ತಾರೆ. ಜಾಝ್‌ನವರು ಡೋರಿಯನ್ ಅನ್ನುವ ಆ ಮೇಳಕ್ಕೆ ನಮ್ಮಲ್ಲಿ ಖರಹರಪ್ರಿಯ ಅನ್ನುತ್ತೇವೆ. ಅತ್ತೆ ಗುರುತು ಹಿಡಿದು ತಲೆ ಆಡಿಸಿದರು. ಆದರೆ ಹದಿನಾರು ಬಾರ್ (ತಾಳದ ಸುತ್ತು) ಆದ ಮೇಲೆ ಇಡೀ ತಂಡ ಅರ್ಧ ಸ್ವರ ಮೇಲೆ ಹತ್ತುತ್ತದೆ, ಎಂಟು ಬಾರ್ ಅಲ್ಲಿದ್ದು ಮತ್ತೆ ಇಳಿಯುತ್ತದೆ. "ಎಂತಕ್ಕೆ ಶ್ರುತಿ ಬದಲಾಯಿಸಿದ್ದು? ಚೆಂದ ಹೋಗ್ತಿತ್ತಲ್ಲ" ಅಂತ ಎದ್ದು ಹೋದರು. ನನಗೆ ಆ ಹತ್ತುವ ಜಾಗವೇ ಇಷ್ಟ.

ಶ್ರುತಿಯ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಒಂದು ರಾತ್ರಿ ಗೆಳೆಯ ತನ್ನ 'ಕೈಂಡ್ ಆಫ್ ಬ್ಲೂ' ಎಲ್‌ಪಿ ತಟ್ಟೆಯ ಮೊದಲ ಮಗ್ಗುಲಿನ ಒಂದು ಹಾಡನ್ನು ಫೋನಿನಲ್ಲೇ ಕೇಳಿಸಿದ. ನಾನು ಅದೇ ಹಾಡನ್ನು ಈ ಕಡೆ ಹಾಕಿದೆ. ಎರಡೂ ಕೂಡುತ್ತಿಲ್ಲ! ಅವನದು ಸ್ವಲ್ಪ ಮೇಲೆ, ಅರ್ಧ ಸ್ವರದಷ್ಟೂ ಇಲ್ಲ, ಆದರೆ ಹಲ್ಲು ಜುಮ್ ಅನ್ನುವಷ್ಟು. ಟರ್ನ್‌ಟೇಬಲ್ ಕೆಟ್ಟಿದೆ ಅಂತ ಮಾರನೇ ದಿನವೇ ರಿಪೇರಿಗೆ ಕೊಟ್ಟ. ರಿಪೇರಿಯವರು ಬೆಲ್ಟ್ ಬದಲಾಯಿಸಿ ಆರುನೂರು ತೆಗೆದುಕೊಂಡರು. ಮತ್ತೆ ಹಾಕಿದರೆ ಅದೇ ಕಥೆ. ಸಿಟ್ಟಲ್ಲಿ ತಟ್ಟೆ ತಿರುಗಿಸಿ ಎರಡನೇ ಮಗ್ಗುಲು ಹಾಕಿದ. 'ಆಲ್ ಬ್ಲೂಸ್' ನನ್ನ ಫೋನಿನ ಜೊತೆ ನೂಲು ಹಿಡಿದ ಹಾಗೆ ಕೂಡಿತು.

ಆಗ ನನಗೆ ಹೊಳೆಯಿತು. ಮಾರ್ಚ್ 2ರಂದು ರೆಕಾರ್ಡ್ ಮಾಡುವಾಗ ಸ್ಟುಡಿಯೋದ ಮುಖ್ಯ ಟೇಪ್ ಯಂತ್ರ ಒಂಚೂರು ನಿಧಾನ ಓಡುತ್ತಿತ್ತು. ನಿಧಾನ ಓಡುವ ಟೇಪಿನಲ್ಲಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಮೊದಲ ಮಗ್ಗುಲಿನ ಮೂರೂ ಹಾಡು ಅವತ್ತಿನವು. ಏಪ್ರಿಲ್ 22ರ ಹೊತ್ತಿಗೆ ಯಂತ್ರ ಸರಿಯಾಗಿತ್ತು, ಹಾಗಾಗಿ ಎರಡನೇ ಮಗ್ಗುಲು ಸರಿ. ಮೂವತ್ತು ವರ್ಷಕ್ಕೂ ಜಾಸ್ತಿ ಜಗತ್ತು ತಪ್ಪು ಶ್ರುತಿಯನ್ನೇ ಕೇಳಿತು. ತಿದ್ದಿದ್ದು 1990ರ ದಶಕದಲ್ಲಿ. ಗೆಳೆಯನ ಹಳೇ ತಟ್ಟೆಯಲ್ಲಿ ಇರುವುದು ತಿದ್ದುವ ಮೊದಲಿನದು. ವಿಷಯ ಹೇಳಿದರೆ ಅವನು ಹೆಮ್ಮೆಯಿಂದ "ಹಾಗಾದರೆ ನನ್ನದೇ ಒರಿಜಿನಲ್" ಅನ್ನುತ್ತಾನೆ. ಆರುನೂರರ ಸುದ್ದಿ ಎತ್ತುವುದಿಲ್ಲ.

'ಎ ಲವ್ ಸುಪ್ರೀಮ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. 1964ರ ಡಿಸೆಂಬರ್ 9ರಂದು ಒಂದೇ ಕೂರಿಕೆಯಲ್ಲಿ ಮುಗಿದ ಅರ್ಧ ಗಂಟೆಗಿಂತ ಸ್ವಲ್ಪ ಉದ್ದದ ಪ್ರಾರ್ಥನೆ ಅದು. ಜಿಮ್ಮಿ ಗ್ಯಾರಿಸನ್‌ನ ನಾಲ್ಕು ಸ್ವರದ ಬಾಸ್ ಮಳೆಯಲ್ಲೂ ಚೆನ್ನಾಗಿ ಕೇಳಿಸಿತು, ಎಲ್ವಿನ್ ಜೋನ್ಸ್‌ನ ಡ್ರಮ್ ಕೂಡ. ಕೊನೆಯ ಭಾಗದಲ್ಲಿ ಕೋಲ್ಟ್ರೇನ್ ತಾನೇ ಬರೆದ ಪದ್ಯವನ್ನು ಬಾಯಲ್ಲಿ ಹೇಳದೆ ಸ್ಯಾಕ್ಸೋಫೋನಿನಲ್ಲೇ ಅಕ್ಷರ ಅಕ್ಷರ ಓದುತ್ತಾನೆ. ಅದನ್ನು ಕೇಳುತ್ತಾ ಬೇರೆ ಕೆಲಸ ಮಾಡಲು ಬರುವುದಿಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತೂಗುತ್ತಾ ಕೇಳಲು ಹೋಗಿ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ತೂಗಿದೆ. ತೋಟಕ್ಕೆ ಕೊಳೆರೋಗ ಬಂದರೆ ಕೋಲ್ಟ್ರೇನ್ ಬಂದು ಔಷಧಿ ಹೊಡೆಯುತ್ತಾನಾ?

'ಜ್ಯೋತಿ' ನನಗೇ ನಿರಾಸೆ ಮಾಡಿತು, ಮೊದಮೊದಲು. 1983ರಲ್ಲಿ ಇಸಿಎಂ ರೆಕಾರ್ಡ್ ಕಂಪನಿಯವರು ತಂದದ್ದು. ಆರ್.ಎ. ರಮಾಮಣಿ ಹಾಡುತ್ತಾರೆ, ಟಿ.ಎ.ಎಸ್. ಮಣಿ ಮೃದಂಗ. ಬಾಸ್ಟನ್‌ನ ಮರಿಯಾನೋ ಅವರ ನಡುವೆ ತಗ್ಗಿ ಬಗ್ಗಿ ನುಡಿಸುತ್ತಾನೆ. ನಮ್ಮವರು ಅಂತ ಗೆಲ್ಲಿಸಲು ಹೊರಟಿದ್ದೆ. ಗೆಳೆಯ "ಇದು ಕಚೇರಿ, ಜಾಝ್ ಅಲ್ಲ" ಅಂದ. ಅತ್ತೆ "ಇದು ಕಚೇರಿ ಅಲ್ಲ" ಅಂದರು. ಆಗಸ್ಟ್ ಕೊನೆಗೆ ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಪುನಃ ಹಾಕಿದೆ. ರಮಾಮಣಿಯವರ ಕಂಠದ ಹಿಂದೆ ಮರಿಯಾನೋ ಎಷ್ಟು ಕಡಿಮೆ ನುಡಿಸುತ್ತಾನೆ ಅನ್ನುವುದು ಆಗಷ್ಟೇ ಕಿವಿಗೆ ಬಿತ್ತು. ಈಗ ನನಗೆ ಬೆಳಗಿನ ಆಲ್ಬಂ ಅದೇ. ಇಬ್ಬರೂ ಒಪ್ಪಿಲ್ಲ.

ಕಾರ್ತಿಕದಲ್ಲಿ ಮಳೆ ನಿಂತು ರಾತ್ರಿ ನಿಶ್ಶಬ್ದವಾದ ಮೇಲೆ 'ಕೈಂಡ್ ಆಫ್ ಬ್ಲೂ' ಮತ್ತೆ ಹಾಕಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಪಿಸುಮಾತು ಪೂರ್ತಿ ಕೇಳಿಸಿತು. ಪಿಯಾನೋ, ಬಾಸ್, ಆಮೇಲೆ ಕಾಬ್‌ನ ಸಿಂಬಲ್ ಒಂದೇ ಒಂದು ಏಟು, ಮೈಲ್ಸ್ ಒಳಗೆ ಬರುತ್ತಾನೆ. ಮೈ ಜುಮ್ ಅಂತು. ಗೆಳೆಯನಿಗೆ ಫೋನ್ ಮಾಡಿ ಕಾರ್ತಿಕದಿಂದ ಮೃಗಶಿರ ಮಳೆಯವರೆಗೆ ನೀನು ಗೆದ್ದೆ ಅಂದೆ. ಉಳಿದ ತಿಂಗಳು ಬ್ರೂಬೆಕ್‌ಗೆ. ಆರ್‌ಸಿಸಿ ಮನೆಯವನಿಗೆ ಈ ತೀರ್ಪು ಅರ್ಥವಾಗಲಿಲ್ಲ. "ಇವತ್ತು ರಾಶಿ ಅಡಿಕೆ ರೇಟು ಸ್ವಲ್ಪ ಏರಿದೆ" ಅಂದ.

ಆ ವಾರವೇ ಅಡಿಕೆ ಸುಲಿತ ಶುರುವಾಯಿತು. ಅಂಗಳದಲ್ಲಿ ಎಂಟು ಜನ ಮೆಟ್ಟುಗತ್ತಿ ಇಟ್ಟು ಕೂತಿದ್ದರು. 'ಟೈಮ್ ಔಟ್' ಹಾಕಿದೆ. ಎರಡು ಹಾಡು ಸಹಿಸಿಕೊಂಡರು. ಮೂರನೆಯದಕ್ಕೆ ಒಬ್ಬಾಕೆ ಕತ್ತಿಯಿಂದ ಕೈ ತೆಗೆಯದೆ ಹೇಳಿದರು: "ಅಣ್ಣಾ, ಇದು ಮುಗಿದ ಮೇಲೆ ರೇಡಿಯೋ ಹಾಕಿ."